ಮನೆ ಹತ್ತಿರದ ಬಾರಿನಲ್ಲಿ ರಾತ್ರಿಯೂಟ ಮಾಡುವ ಬಗೆ

ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ಮೆಡಿಕಲ್ ಶಾಪಿಗೂ ಹಾರ್ಡ್‌ವೇರ್ ಅಂಗಡಿಗೂ ನಡುವೆ, ಎರಡು ಅಕ್ಷರ ಉರಿಯದ ದೀಪದ ಫಲಕದ ಕೆಳಗೆ, ಒಳಗಿರುವವರು ಹೊರಗಿನವರಿಗೆ ಕಾಣದಂತೆ ಕಪ್ಪು ಗಾಜು ಹಾಕಿಕೊಂಡ ಒಂದು ‘ಬಾರ್ ಅಂಡ್ ರೆಸ್ಟೋರೆಂಟ್’ ಇದ್ದೇ ಇರುತ್ತದೆ. ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಕುಡಿಯಲೆಂದು ಹೋಗಿ, ಹಸಿವಾದಾಗ ಸಿಕ್ಕಿದ್ದನ್ನು ತಿಂದು ಎದ್ದು ಬರುತ್ತಾರೆ. ನಾನು ಹೇಳಹೊರಟಿರುವುದು ಇದಕ್ಕೆ ತಿರುಗುಮುರುಗಾದ ಕ್ರಮವನ್ನು, ಅಂದರೆ ಊಟಕ್ಕೆಂದೇ ಹೋಗಿ, ಬೇಕೆನಿಸಿದರೆ ಒಂದು ಬಿಯರನ್ನೋ ಪೆಗ್ಗನ್ನೋ ಜೊತೆಗಿಟ್ಟುಕೊಳ್ಳುವುದನ್ನು. ಇಂತಹ ಬಾರುಗಳ ಕುರ್ಚಿ, ಗೋಡೆ, ಶೌಚಾಲಯಗಳನ್ನು ಹೊಗಳಲಾರೆ. ಆದರೆ ಅಡುಗೆಮನೆಯನ್ನು ಮಾತ್ರ ಹೊರಗಿನ ಚಹರೆ ನೋಡಿ ಅಳೆಯಬಾರದು.

ಮೊದಲು ಫಲಕವನ್ನು ಸರಿಯಾಗಿ ಓದಿಕೊಳ್ಳಬೇಕು. ಅಬಕಾರಿ ಪರವಾನಗಿಯ ಬಗೆ ಸಿಎಲ್–2 ಎಂದಿದ್ದರೆ ಅದು ಬಾಟಲಿ ಮಾರುವ ಅಂಗಡಿ. ಅಲ್ಲಿ ಮುದ್ರಿತ ಬೆಲೆಗೆ ಕೊಂಡು ಹೊರಡಬೇಕೇ ಹೊರತು ಕೂರುವಂತಿಲ್ಲ. ಕೂತು ಕುಡಿದು ಉಣ್ಣುವ ಪರವಾನಗಿ ಇರುವುದು ಸಿಎಲ್–9ಕ್ಕೆ, ಮತ್ತು ಮೇಜು, ಗ್ಲಾಸು, ಸೇವೆಗಳ ಲೆಕ್ಕದಲ್ಲಿ ಅಲ್ಲಿಯ ಬೆಲೆ ಅಂಗಡಿಗಿಂತ ಹೆಚ್ಚಿರುತ್ತದೆ. ವಯಸ್ಸು 21 ತುಂಬಿರದವರಿಗೆ ಮದ್ಯ ಕೊಡುವುದಿಲ್ಲ. ಚುನಾವಣೆಯ ಹೊತ್ತಿನಲ್ಲಿ ಮತದಾನ ಮುಗಿಯುವ ಗಂಟೆಗೆ ಹಿಂದಿನ 48 ಗಂಟೆ ಬಾಗಿಲು ಮುಚ್ಚಿರುತ್ತದೆ, ಅಕ್ಟೋಬರ್ 2ರಂದೂ ಅಷ್ಟೆ. ನೆಂಟರನ್ನು ಕರೆದುಕೊಂಡು ಹೊರಡುವ ಮುನ್ನ ಕ್ಯಾಲೆಂಡರ್ ನೋಡಿಕೊಳ್ಳುವುದು ಒಳ್ಳೆಯದು.

ಹೋಗುವ ಹೊತ್ತು ಏಳೂವರೆಯಿಂದ ಎಂಟರೊಳಗೆ ಇರಲಿ. ಆ ಹೊತ್ತಿಗೆ ಬಾಣಲೆಯ ಎಣ್ಣೆ ಇನ್ನೂ ಕಪ್ಪಾಗಿರುವುದಿಲ್ಲ, ಭಟ್ಟರ ಕೈಗೆ ಬಿಡುವಿರುತ್ತದೆ, ಫ್ಯಾನಿನ ಕೆಳಗಿನ ಮೇಜು ಖಾಲಿ ಇರುತ್ತದೆ. ಒಂಬತ್ತೂವರೆ ದಾಟಿತೆಂದರೆ ಟಿ.ವಿ.ಯ ಸದ್ದನ್ನು ಮೀರಿಸಿ ಮಾತನಾಡುವವರ ಸಂಖ್ಯೆ ಹೆಚ್ಚುತ್ತದೆ, ಸಪ್ಲೈಯರ್ ನಾಲ್ಕು ಮೇಜಿನ ಆರ್ಡರನ್ನು ಒಟ್ಟಿಗೆ ಹೊತ್ತು ಒಂದನ್ನು ಮರೆತುಬಿಡುತ್ತಾನೆ. ಹೆಂಗಸರು ಜೊತೆಗಿದ್ದರೆ ಕೆಳಗಿನ ಹಾಲನ್ನು ಬಿಟ್ಟು ಸಾಮಾನ್ಯವಾಗಿ ಮಹಡಿಯ ಮೇಲಿರುವ ‘ಫ್ಯಾಮಿಲಿ’ ವಿಭಾಗಕ್ಕೆ ಹೋಗುವುದೇ ನೆಮ್ಮದಿ; ಹೆಂಗಸರು ಕೆಳಗೆ ಕೂರಬಾರದೆಂಬ ನಿಯಮವೇನೂ ಇಲ್ಲ, ಆದರೆ ದಿಟ್ಟಿಸಿ ನೋಡುವವರ ಕಾಟ ಇದೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆರ್ಡರ್ ಮಾಡುವ ಕ್ರಮದಲ್ಲಿಯೇ ಊಟದ ಗೆಲುವು ಸೋಲು ಅಡಗಿದೆ. ಕೂತೊಡನೆ ಮೆನು ಕಾರ್ಡ್ ಕೇಳುವ ಬದಲು ‘ಅಣ್ಣಾ, ಇವತ್ತು ಏನು ಚೆನ್ನಾಗಿದೆ?’ ಎಂದು ಸಪ್ಲೈಯರನ್ನೇ ಕೇಳಿ. ಕಾರ್ಡಿನಲ್ಲಿ ನೂರೈವತ್ತು ಹೆಸರುಗಳಿದ್ದರೂ ಆ ದಿನ ಮನಸ್ಸಿಟ್ಟು ಮಾಡಿರುವುದು ನಾಲ್ಕೋ ಐದೋ ಪದಾರ್ಥವನ್ನು, ಮತ್ತು ಅವು ಯಾವುವೆಂದು ಆತನಿಗೆ ಗೊತ್ತಿರುತ್ತದೆ. ಮೊದಲಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡಿದ ಕಡಲೆಬೀಜ ಮಸಾಲೆ, ಜೊತೆಗೆ ಒಂದು ತಟ್ಟೆ ಸೌತೆಕಾಯಿ ಹೋಳು ಸಾಕು. ಹೊಸ ಬಾರಿನ ಭಟ್ಟರನ್ನು ಪರೀಕ್ಷಿಸಲು ನಾನು ಎರಡನೆಯದಾಗಿ ಹೇಳುವುದು ಎಗ್ ಬುರ್ಜಿಯನ್ನು. ಈರುಳ್ಳಿ ಕೆಂಪಗಾಗುವವರೆಗೆ ಕಾಯುವ ತಾಳ್ಮೆ ಇದ್ದವರ ಬುರ್ಜಿ ಬಿಡಿಬಿಡಿಯಾಗಿ, ತಟ್ಟೆಯ ಅಂಚಿನಲ್ಲಿ ತುಸುವೇ ಎಣ್ಣೆ ಬಿಟ್ಟುಕೊಂಡು, ಕಾಳುಮೆಣಸಿನ ಘಮದೊಡನೆ ಬರುತ್ತದೆ. ಅವಸರದವರದು ನೀರು ಬಿಟ್ಟುಕೊಂಡು ಮುದ್ದೆಯಾಗಿ ಬರುತ್ತದೆ. ಅದು ಸರಿಯಾಗಿದ್ದರೆ ಮಾತ್ರ ಪೆಪ್ಪರ್ ಚಿಕನ್, ಬೋಟಿ ಫ್ರೈಗಳ ಕಡೆಗೆ ಹೋಗಬಹುದು. ಮಾಂಸ ತಿನ್ನದವರಿಗೆ ಗೋಬಿ, ಪನೀರ್, ಅಣಬೆ ಎಲ್ಲವೂ ಸಿಗುತ್ತವೆ, ಆದರೆ ಬಾಣಲೆ ಬೇರೆಯಾಗಿರುವುದು ಅಪರೂಪ. ಮಡಿ ಕಟ್ಟುನಿಟ್ಟಾಗಿ ಪಾಲಿಸುವವರು ಕಡಲೆಬೀಜದಲ್ಲಿಯೇ ನಿಲ್ಲುವುದು ಲೇಸು.

ಕಬಾಬಿನ ಬಣ್ಣವನ್ನು ಗಮನಿಸಬೇಕು. ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬ್ಯಾಡಗಿ ಮೆಣಸಿನಕಾಯಿ ಹಾಕಿ ಕರಿದ ಕಬಾಬು ಕಂದು ಬೆರೆತ ಕೆಂಪಾಗಿರುತ್ತದೆ, ಅಲ್ಲಲ್ಲಿ ಕರಿಬೇವು ಅಂಟಿಕೊಂಡಿರುತ್ತದೆ. ನಿಂಬೆಹಣ್ಣು ಹಿಂಡಿದ ಬೆರಳು ಕುಂಕುಮ ಮುಟ್ಟಿದಂತೆ ಕೆಂಪಾದರೆ, ಆ ತಟ್ಟೆಯನ್ನು ವಾಪಸ್ಸು ಕಳಿಸಲು ಸಂಕೋಚಪಡಬೇಕಿಲ್ಲ.

ಇನ್ನು ಗ್ಲಾಸಿನ ವಿಷಯ. ಬಿಯರಿನ ದೊಡ್ಡ ಬಾಟಲಿ 650 ಮಿಲಿಲೀಟರ್, ಪಿಂಟ್ 330. ರಮ್ಮು, ವಿಸ್ಕಿಗಳು 30, 60, 90ರ ಲೆಕ್ಕದಲ್ಲಿ ಸಿಗುತ್ತವೆ; ಕ್ವಾರ್ಟರ್ ಎಂದರೆ 180. ಬಾಟಲಿಯಿಂದ ಅಳೆದು ಕೊಡುವ ‘ಲೂಸ್’ ತರಿಸುವುದಾದರೆ ಅಳತೆ ನಿಮ್ಮ ಕಣ್ಣೆದುರಿಗೇ ಆಗಲಿ, ಸೀಲ್ ಇರುವುದನ್ನು ಮೇಜಿನ ಮೇಲೆಯೇ ಒಡೆಸಿ. ಊಟಕ್ಕೆಂದು ಬಂದವರಿಗೆ ಅರವತ್ತು ಸಾಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದಕ್ಕೂ ಮೀರಿದರೆ ನಾಲಿಗೆಗೆ ಉಪ್ಪು, ಖಾರ, ಎಣ್ಣೆಗಳ ಹೊರತು ಬೇರೇನೂ ತಿಳಿಯುವುದಿಲ್ಲ. ಏನೂ ಕುಡಿಯದೆ ಲೈಮ್ ಸೋಡಾ ಹಿಡಿದು ಕೂತರೂ ಯಾರೂ ಏನೂ ಅನ್ನುವುದಿಲ್ಲ.

ನಾಟಿ ಶೈಲಿಯ ಅಡುಗೆ ಇರುವ ಬಾರಾದರೆ ಕೊನೆಗೆ ಮುದ್ದೆ, ನಾಟಿಕೋಳಿ ಸಾರು ಉಣ್ಣದೆ ಏಳಬಾರದು. ಇದರಲ್ಲಿ ನಾನೊಮ್ಮೆ ಮೋಸಹೋದೆ. ಹಸಿವಿನ ಭರದಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದರಿಂದ ಮೊದಲ ಗುಟುಕು ಇಳಿಯುವ ಮೊದಲೇ ಮುದ್ದೆಯೂ ಬಂದಿತ್ತು. ಕಡಲೆಬೀಜ, ಕಬಾಬು ಮುಗಿಸಿ ಅದರ ಬಳಿಗೆ ಬರುವ ಹೊತ್ತಿಗೆ ಮೇಲ್ಮೈ ಚರ್ಮ ಕಟ್ಟಿ, ಬೆರಳಿನಿಂದ ಮುರಿದರೆ ಜೇಡಿಮಣ್ಣಿನಂತೆ ಬಿರಿಯುತ್ತಿತ್ತು. ಅಂದಿನಿಂದ ಗ್ಲಾಸಿನಲ್ಲಿ ಎರಡು ಗುಟುಕು ಉಳಿದಿರುವಾಗ ಮುದ್ದೆ ಹೇಳುತ್ತೇನೆ. ಆದರೆ ‘ಮುದ್ದೆ ಒಂದು ಎತ್ತಿಡಿ, ಆಮೇಲೆ ಹೇಳುತ್ತೇನೆ’ ಎಂದು ಮೊದಲೇ ತಿಳಿಸಿರುತ್ತೇನೆ, ಏಕೆಂದರೆ ರಾಗಿಹಿಟ್ಟಿನ ಎಸರು ಒಮ್ಮೆ ಖಾಲಿಯಾದರೆ ರಾತ್ರಿ ಮತ್ತೆ ಇಡುವುದಿಲ್ಲ. ಮುದ್ದೆ ಸಿಗದಿದ್ದರೆ ಕುಷ್ಕಾ. ಅದರ ಜೊತೆ ಸ್ವಲ್ಪ ಗ್ರೇವಿಯನ್ನು ಕೇಳಿದರೆ ಸಾಮಾನ್ಯವಾಗಿ ದುಡ್ಡಿಲ್ಲದೆಯೇ ಕೊಡುತ್ತಾರೆ. ಹೊಟ್ಟೆ ಭಾರವೆನಿಸಿದರೆ ಅನ್ನ ರಸಂ ಹೇಳಬಹುದು.

ಬಿಲ್ಲನ್ನು ಓದದೆ ದುಡ್ಡು ಕೊಡಬೇಡಿ. ಊಟ ತಿಂಡಿಯ ಮೇಲೆ ಶೇ 5ರಷ್ಟು ಜಿಎಸ್‌ಟಿ ಇರುತ್ತದೆ; ಮದ್ಯ ಜಿಎಸ್‌ಟಿಯ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಎರಡನ್ನೂ ಕೂಡಿಸಿ ಒಟ್ಟು ಮೊತ್ತದ ಮೇಲೆ ಶೇ 5 ಹಾಕಿದ್ದರೆ ಗಲ್ಲಾದಲ್ಲಿ ಕೂತವರಿಗೆ ಮೆಲ್ಲಗೆ ತೋರಿಸಿ. ಜಗಳವಾಡಬೇಕಾಗಿ ಬರುವುದು ಕಡಿಮೆ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಟಿಪ್ಸನ್ನು ಫೋನಿನಲ್ಲಿ ಬಿಲ್ಲಿನ ಜೊತೆ ಸೇರಿಸದೆ ನೋಟಾಗಿಯೇ ಸಪ್ಲೈಯರ್ ಕೈಗೆ ಕೊಡಿ, ಮುಂದಿನ ಸಲ ಫ್ಯಾನಿನ ಕೆಳಗಿನ ಮೇಜು ತಾನಾಗಿಯೇ ಸಿಗುತ್ತದೆ.

ಮನೆ ಹತ್ತಿರದ ಬಾರನ್ನೇ ಆರಿಸಿಕೊಳ್ಳುವುದರ ದೊಡ್ಡ ಲಾಭವೆಂದರೆ ಗಾಡಿ ತೆಗೆಯಬೇಕಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರುವಾಗ ವಾಹನ ಓಡಿಸುವುದು ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಬೀಳಬಹುದು. ಒಂದೇ ದೊಡ್ಡ ಬಿಯರ್ ಕುಡಿದವರೂ ಆ ಮಿತಿಯನ್ನು ಸುಲಭವಾಗಿ ದಾಟಿಬಿಡುತ್ತಾರೆ. ಗಲ್ಲಾದ ಪಕ್ಕದ ಬಟ್ಟಲಿನಿಂದ ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡು ನಡೆದೇ ಹೊರಡಿ. ಮನೆಯವರಿಗೆ ಪಾರ್ಸೆಲ್ ಕಟ್ಟಿಸುವುದಾದರೆ ಕಬಾಬು ಬೇಡ, ದಾರಿಯಲ್ಲೇ ಮೆತ್ತಗಾಗುತ್ತದೆ, ಪೆಪ್ಪರ್ ಚಿಕನ್ ಆದೀತು.