ಕುರ್ಚಿ ಸ್ಟ್ರೆಚಿಂಗ್: ಕಾಲಿನ ಬುಷ್‌ನಿಂದ ಕೌದಿಯ ಮಡಿಕೆವರೆಗೆ

"ಕುರ್ಚಿ ಮ್ಯಾಲೆ ಕುಂತು ಕೈಕಾಲು ಚಾಚಿದರ ಟೊಂಕದ ಬ್ಯಾನಿ ಹೋಗತೈತೇನ್ರಿ?" ಎಂದು ನಕ್ಕವರು ಹುಬ್ಬಳ್ಳಿಯಲ್ಲಿ ಚಾಪೆಯ ಮೇಲೆ ಯೋಗ ಕಲಿಸುವ ನಮ್ಮವರೇ. ಈಗ ಮೊಣಕಾಲು ಮಡಚಲಾಗದವರನ್ನು ನನ್ನ ಕುರ್ಚಿ ಸ್ಟ್ರೆಚಿಂಗ್ ಬ್ಯಾಚಿಗೆ ಕಳಿಸುವವರೂ ಅವರೇ. ಮಾಡಿಸುವ ಎಳೆತಗಳು ಎಲ್ಲ ಮಾಸ್ತರಿಗೂ ಗೊತ್ತಿದ್ದವು. ಫರಕು ಬಿದ್ದದ್ದು ಕುರ್ಚಿಯನ್ನು ಒಬ್ಬೊಬ್ಬರ ಅಳತೆಗೆ ಹೊಂದಿಸಿದಾಗ.

ಮೊದಲು ದುಡ್ಡಿನ ಮಾತು. ಪ್ಲಾಸ್ಟಿಕ್ ಕುರ್ಚಿಗೆ ಹಾಕಿದ ನಾಲ್ಕೈದು ಸಾವಿರ ಪೂರಾ ದಂಡ. ಕೈ ಇರುವ ಕುರ್ಚಿಯಲ್ಲಿ ಅಡ್ಡ ಕುಳಿತು ತೊಡೆಯ ಮುಂಭಾಗ ಎಳೆಯಲು ಬರುವುದಿಲ್ಲ. ಕೈ ಇಲ್ಲದ್ದರ ಮುಂಗಾಲು ನುಣುಪು ಟೈಲ್ಸ್ ಮೇಲೆ ಹೊರಕ್ಕೆ ಸರಿಯುತ್ತವೆ; ತೂಕದ ಆಳು ಅಂಚಿಗೆ ಬಂದು ಬಾಗಿದರೆ ಕಾಲಿನ ಬುಡದಲ್ಲೇ ಬಿರುಕು. ಹಿಂದೆ ನಿಂತು ಬೆನ್ನು ಹಿಡಿದು ಭಾರ ಬಿಟ್ಟರೆ ಹಗುರಾದ ಕುರ್ಚಿ ಮಗುಚುತ್ತದೆ. ಆಫೀಸಿನ ಗಾಲಿ ಕುರ್ಚಿಯ ಸುದ್ದಿಯೇ ಬೇಡ.

ಕೊನೆಗೆ ನಿಂತದ್ದು ಶಾಮಿಯಾನದವರು ಮಾರುವ ಹಳೆ ಕಬ್ಬಿಣದ ಮಡಚು ಕುರ್ಚಿ. ಪುಣೆಯಲ್ಲಿ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಬೆನ್ನಿನ ತಗಡು ತೆಗೆಸಿದ ಇಂಥ ಕುರ್ಚಿಯಲ್ಲೇ ಆಸನ ಮಾಡಿಸುತ್ತಿದ್ದದ್ದು ಕಸುಬಿನವರಿಗೆ ಗೊತ್ತು. ಅದೇ ನಮೂನೆಯ ಹೊಸ 'ಯೋಗ ಚೇರ್' ನಾನು ವಿಚಾರಿಸಿದಾಗ ಎರಡು ಸಾವಿರದ ಮೇಲಿತ್ತು. ನನಗೆ ಬಿದ್ದದ್ದು ಆರುನೂರರ ಆಸುಪಾಸು: ಕುರ್ಚಿಗೆ ಮುನ್ನೂರೈವತ್ತು, ಗೋಕುಲ ರಸ್ತೆ ಕಡೆಯ ವೆಲ್ಡಿಂಗಿಗೆ ನೂರೈವತ್ತು, ಉಳಿದದ್ದು ಬಣ್ಣ ಮತ್ತು ಬುಷ್, ಅಂದರೆ ಕಾಲಿನ ತುದಿಗೆ ಹಾಕುವ ರಬ್ಬರಿನ ಟೋಪಿ.

ವೆಲ್ಡಿಂಗಿನವರಿಗೆ ಮೂರು ಮಾತು ಹೇಳಬೇಕು. ಬೆನ್ನಿನ ತಗಡನ್ನು ಬೆಸುಗೆಯ ಗುರುತಿನಲ್ಲೇ ಕತ್ತರಿಸಿ ಪೈಪಿನ ಕಮಾನು ಮಾತ್ರ ಉಳಿಸಬೇಕು. ಆ ಜಾಗ ಬೆರಳಿಗೆ ಹತ್ತದಷ್ಟು ಗ್ರೈಂಡ್ ಆಗಬೇಕು. ಮುಂಗಾಲುಗಳ ನಡುವೆ ಅಡ್ಡ ರಾಡು ಬೇಕು. ಅದು ಇಲ್ಲದಿದ್ದರೆ ಪಕ್ಕದ ಎಳೆತಕ್ಕೆ ಕಾಲು ಅಗಲವಾಗಿ ರಿವೆಟ್ ಸಡಿಲಾಗುತ್ತದೆ. ರಾಡು ಹೊರಮುಖಕ್ಕಿರಲಿ, ಒಳಗೆ ಕೂಡಿಸಿದರೆ ಮಡಚುವಾಗ ಹಿಂಗಾಲು ಬಡಿಯುತ್ತದೆ.

ಬುಷ್ ಐದಾರು ರೂಪಾಯಿಯ ವಸ್ತು, ಆದರೆ ಜನ ಬೀಳುವುದು ಅದರಿಂದಲೇ. ಶಹಾಬಾದಿ ಫರಶಿಯ ಮೇಲೆ ಕೆಲವೇ ತಿಂಗಳಲ್ಲಿ ಪೈಪಿನ ಅಂಚು ರಬ್ಬರಿನ ತಳ ಕೊರೆದು ಹೊರಬರುತ್ತದೆ. ಆಮೇಲೆ ಕಬ್ಬಿಣ ಕಲ್ಲಿನ ಮೇಲೆ ಜಾರುತ್ತದೆ. ಬುಷ್ ಒಳಗೆ ಪೈಪಿನ ದಪ್ಪಕ್ಕೆ ಸರಿಯಾದ ಕಬ್ಬಿಣದ ವಾಶರ್ ಹಾಕಿ ಕೂಡಿಸಿದರೆ ಹೆಚ್ಚು ದಿನ ಬಾಳುತ್ತದೆ. ಹಿಂಗಾಲಿನ ಕೆಳಗೆ ಲಾರಿ ಟ್ಯೂಬಿನ ತುಂಡು ಹಾಸಿ, ಕುರ್ಚಿಯ ಬೆನ್ನು ಗೋಡೆಗೆ ತಾಗಿಸಿ ಇಟ್ಟರೆ ಮುಗಿಯಿತು.

ಇನ್ನು ಎತ್ತರ. ಈ ಕುರ್ಚಿಗಳ ಕೂರುವ ಭಾಗ ನೆಲದಿಂದ ಸುಮಾರು 17-18 ಇಂಚು. ಐದು ಅಡಿಯ ಹೆಣ್ಣುಮಕ್ಕಳಿಗೆ ಬೇಕಾದದ್ದು 15 ಇಂಚಿನ ಹತ್ತಿರ. ಹಿಮ್ಮಡಿ ತೇಲಿದರೆ ಅಂಚು ತೊಡೆಯ ಅಡಿಗೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಅವರು ಮುಂದಕ್ಕೆ ಜಾರಿ ಕೂರುತ್ತಾರೆ, ಟೊಂಕ ಗೂನಾಗುತ್ತದೆ. ಇದಕ್ಕೆ ಮದ್ದು ಊಟದ ಮಣೆ. ಎರಡು-ಎರಡೂವರೆ ಇಂಚಿನ ಮಣೆಯನ್ನು ಪಾದದ ಕೆಳಗೆ ಇಡಿ. ಇಟ್ಟಂಗಿಯೂ ಆದೀತು, ಎರಡನ್ನು ಕೂಡಿಸಿ ಗೋಣಿಚೀಲ ಸುತ್ತಿದರೆ ಅಲುಗುವುದಿಲ್ಲ. ಆರು ಅಡಿಯವರಿಗೆ ತಿರುಗಾಮುರುಗಾ, ಮಣೆ ತೆಗೆದು ಕೂರುವಲ್ಲಿ ಎತ್ತರಿಸಬೇಕು. ಮೊಣಕಾಲು ಸೊಂಟಕ್ಕಿಂತ ಒಂದು ಬೆರಳು ಕೆಳಗೆ ಬಂದರೆ ಸರಿ.

ಎತ್ತರ ಸರಿಯಾದರೂ ಮಡಚು ಕುರ್ಚಿ ಹಿಂದಕ್ಕೆ ಇಳಿಜಾರು. ಅದರ ಮೇಲೆ ದಪ್ಪ ಫೋಮ್ ಹಾಕುವುದು ಎಲ್ಲರೂ ಮಾಡುವ ಕೆಲಸ. ಗಾದಿ ಅಂಗಡಿಯಿಂದ ಮೂರಿಂಚಿನ ಮೆತ್ತನೆ ಫೋಮ್ ತಂದು ನೋಡಿದೆ: ಕೂತ ಕೂಡಲೇ ಮೆತ್ತಗೆ, ಬಾಗಿದ ಕೂಡಲೇ ಒಂದು ಕಡೆ ಕುಸಿತ. ಸೊಂಟ ಓರೆಯಾದ ಮೇಲೆ ತಿರುಚುವ ಎಳೆತವೆಲ್ಲ ಟೊಂಕದ ಕೆಳಭಾಗಕ್ಕೆ ಬೀಳುತ್ತದೆ. ಗೆದ್ದದ್ದು ಹಳೆ ಕೌದಿ. ಪದರದ ಮೇಲೆ ಪದರ ಹೊಲಿದು ಗಟ್ಟಿಯಾದ ಅರಿವೆ ಅಮರುತ್ತದೆ, ಕುಸಿಯುವುದಿಲ್ಲ. ಕೂರುವ ಹಿಂದಿನ ಅರ್ಧಕ್ಕೆ ಮಾತ್ರ, ಸುಮಾರು ಒಂದು ಇಂಚು ದಪ್ಪವಾಗುವಂತೆ ಮಡಿಚಿ ಹಾಕಿ. ಮಡಿಕೆಯ ಅಂಚು ಯಾವ ಮುಖಕ್ಕೆ, ಕುಂಡೆಯ ಎಲುಬಿಗೆ ಎಷ್ಟು ಬೆರಳು ಮುಂದೆ ಎಂಬುದನ್ನು ನಾನು ಬ್ಯಾಚಿನಲ್ಲೇ ತೋರಿಸುತ್ತೇನೆ. ಇಲ್ಲಿ ಬರೆದರೆ ನನ್ನ ಹೊಟ್ಟೆಪಾಡು ಏನಾದೀತು!

ತೊಡೆಯ ಹಿಂಭಾಗಕ್ಕೆ: ಅಂಚಿಗೆ ಬಂದು ಒಂದು ಕಾಲು ಚಾಚಿ, ಹಿಮ್ಮಡಿ ನೆಲದಲ್ಲಿ, ಬೆರಳು ಮೇಲೆ. ಎದೆ ಮುಂದೆ ಹೋಗಬೇಕು, ತಲೆ ಕೆಳಗೆ ಹೋಗಬಾರದು. ಮೂವತ್ತು ಸೆಕೆಂಡು, ಒಂದೊಂದು ಕಾಲಿಗೆ ಎರಡು-ಮೂರು ಸಲ. ಜಗ್ಗಿ ಬಿಡುವುದು ಬೇಡ. ಎಳೆತ ತೊಡೆಯ ನಡುವೆ ಬಂದರೆ ಸ್ನಾಯು. ಬೆರಳು ಎಳೆದಾಗ ಮೊಣಕಾಲ ಕೆಳಗೆ ಜುಮುಜುಮು ಇಳಿದರೆ ಅದು ನರ. ಬೆರಳು ಸಡಿಲಿಸಿ ಕಾಲು ಮಡಚಿಸಿ. ಸಯಾಟಿಕಾ (ಟೊಂಕದಿಂದ ಕಾಲಿಗೆ ಇಳಿಯುವ ನರದ ನೋವು) ಇದ್ದವರನ್ನು "ಇನ್ನೊಂದೀಟು ಬಗ್ಗರಿ" ಎಂದು ಒತ್ತಾಯಿಸಿದರೆ ಮರುದಿನ ಅವರು ಬರುವುದಿಲ್ಲ.

ನನ್ನ ಮಟ್ಟಿಗೆ ಕುರ್ಚಿ ಹಣ ವಸೂಲು ಮಾಡುವುದು ತೊಡೆಯ ಮುಂಭಾಗದ ಎಳೆತದಲ್ಲಿ. ಇಡೀ ದಿನ ಗಲ್ಲೆಯ ಮೇಲೆ ಕೂರುವ ಅಂಗಡಿಯವರಿಗೆ ಇದೇ ಬೇಕು. ಕುರ್ಚಿಯ ಬೆನ್ನು ಎಡಗೈಗೆ ಬರುವಂತೆ ಅಡ್ಡ ಕೂರಿಸಿ. ಎಡ ಕುಂಡೆ, ಎಡ ತೊಡೆ ಕುರ್ಚಿಯ ನಡುಭಾಗದಲ್ಲಿ ಪೂರ್ತಿ ಆತಿರಲಿ. ಬಲಭಾಗ ಮುಂದಿನ ಅಂಚಿನಿಂದ ಹೊರಗೆ. ಬಲ ಮೊಣಕಾಲು ನೆಲದ ಕಡೆ ಇಳಿಯಲಿ, ಪಾದ ಹಿಂದಕ್ಕೆ ಸರಿಯಲಿ, ಎಡಗೈ ಕಮಾನು ಹಿಡಿದಿರಲಿ. ಎಲ್ಲರೂ ಇಲ್ಲಿ ಟೊಂಕ ಬಗ್ಗಿಸಿ ಹೊಟ್ಟೆ ಮುಂದೆ ತಳ್ಳುತ್ತಾರೆ. ಬಾಲದ ಎಲುಬನ್ನು ಕೆಳಗೆ ಒತ್ತಿಸಿದ ಕ್ಷಣ ಎಳೆತ ಬೆನ್ನು ಬಿಟ್ಟು ತೊಡೆಗೆ ಬರುತ್ತದೆ.

ಎದೆ ತೆರೆಯುವುದಕ್ಕೆ ಕಮಾನಿನ ಮೇಲೆ ಸುರುಳಿ ಸುತ್ತಿದ ಕೌದಿ ಹಾಕಿ, ಅದು ಹೆಗಲ ಹಲಗೆಯ ಎಲುಬಿನ ಕೆಳಗೆ ತಾಗಬೇಕು. ಗಿಡ್ಡ ಇರುವವರಿಗೆ ಹೆಗಲಿಗೇ ತಾಗುತ್ತದೆ. ಆಗ ಕೂರುವಲ್ಲಿ ಎರಡು ಇಂಚು ಏರಿಸಿ, ಪಾದದ ಮಣೆಯನ್ನೂ ಅಷ್ಟೇ ಏರಿಸಬೇಕು. ಒಂದನ್ನು ಮರೆತರೆ ಇನ್ನೊಂದು ಕೆಡುತ್ತದೆ. ಕುತ್ತಿಗೆ ಹಿಂದಕ್ಕೆ ಜೋತುಬೀಳಬಾರದು. ಕುಣಿಮಗ್ಗದಲ್ಲಿ (ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ) ಕೂರುವ ಬೆಟಗೇರಿಯ ನೇಕಾರರಿಗೆ ಮಾಡಿಸುವುದಾದರೆ ಇದನ್ನೇ ಮೊದಲು ಹಿಡಿಯುತ್ತೇನೆ.

ಪಾದವನ್ನು ಎದುರು ತೊಡೆಯ ಮೇಲಿಟ್ಟು ಬಾಗುವಾಗ ಮೊಣಕಾಲನ್ನು ಕೈಯಿಂದ ಒತ್ತಬೇಡಿ. ಸೊಂಟದ ಕೀಲು ಬದಲಿಸಿಕೊಂಡವರಿಗೆ ಈ ಎಳೆತವೇ ಬೇಡ. ಎಲುಬು ಟೊಳ್ಳಾದವರಿಗೆ (ಆಸ್ಟಿಯೋಪೊರೋಸಿಸ್) ಜೋರಾಗಿ ಬಾಗುವುದು, ಕಮಾನು ಹಿಡಿದು ತಿರುಚುವುದು ಎರಡೂ ನಿಷಿದ್ಧ. ಬಿಪಿಯವರು ಉಸಿರು ಹಿಡಿಯಬಾರದು, ಏಳುವಾಗ ಅವಸರ ಕೂಡದು.

ಪ್ರಯೋಗ ಒಂದೆರಡು. ಬೆತ್ತದ ಹಳೆ ಮರದ ಕುರ್ಚಿ ನೋಡಲು ಚಂದ, ಆದರೆ ಬೆತ್ತ ನಡುವೆ ಜೋತುಬಿದ್ದಿರುತ್ತದೆ, ಸುತ್ತಲಿನ ಕಟ್ಟು ತೊಡೆಗೆ ಒತ್ತುತ್ತದೆ. ದಿನಾ ರೊಟ್ಟಿ ಬಡಿಯುವವರಿಗೆ ಮುಂಗೈ ಬಿಗಿತ ಹೆಚ್ಚು: ಅಂಗೈಯನ್ನು ಕೂರುವ ಜಾಗದ ಮೇಲೆ ಊರಿ, ಬೆರಳು ತಮ್ಮ ಕಡೆ ತಿರುಗಿಸಿ, ಮೆಲ್ಲಗೆ ಹಿಂದಕ್ಕೆ ವಾಲಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಕುತ್ತಿಗೆಯ ಪಕ್ಕ ಎಳೆಯುವಾಗ ಎಳೆತ ಬರುವ ಕಡೆಯ ಕೈಯಿಂದ ಕುರ್ಚಿಯ ಅಂಚು ಹಿಡಿಸಿ. ಹೆಗಲು ಕೆಳಗೆ ನಿಂತರೆ ತಲೆ ಸ್ವಲ್ಪವೇ ವಾಲಿದರೂ ಸಾಕು.

ಶಾಮಿಯಾನದವರ ಬಳಿ ಕುರ್ಚಿ ಕೇಳುವುದಿದ್ದರೆ ಲಗ್ನದ ಸುಗ್ಗಿ ಮುಗಿದು ಮಳೆ ಹಿಡಿದ ಮೇಲೆ ಹೋಗಿ, ಆಗ ದರ ಇಳಿದಿರುತ್ತದೆ. ಹತ್ತು ಎತ್ತಿದರೆ ಎರಡರ ರಿವೆಟ್ ಸಡಿಲವೇ ಇರುತ್ತದೆ. ಅಲ್ಲೇ ಬಿಚ್ಚಿ, ಕೂತು, ಎರಡೂ ಪಕ್ಕಕ್ಕೆ ಅಲುಗಾಡಿಸಿ ನೋಡಿ ತನ್ನಿ.