ಬೇಲಿ ಒಂದೇ, ಮತ ಬೇರೆ: ಅಮೆರಿಕದ ದಕ್ಷಿಣದಲ್ಲಿ ಅಕ್ಕಪಕ್ಕದ ಎರಡು ಕೌಂಟಿಗಳನ್ನು ಓದುವ ಬಗೆ

ಕೌಂಟಿ ಎಂದರೆ ಅಮೆರಿಕದಲ್ಲಿ ನಮ್ಮ ಜಿಲ್ಲೆಯಂಥದ್ದು. ಅಲಬಾಮಾ ರಾಜ್ಯದ ಮೇಕನ್ ಕೌಂಟಿಯೂ ಅದರ ಉತ್ತರಕ್ಕೆ ಅಂಟಿಕೊಂಡ ಟಾಲಪೂಸಾ ಕೌಂಟಿಯೂ ಹಳ್ಳಿಗಾಡೇ. 2020ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೇಕನ್‌ನಲ್ಲಿ ನೂರಕ್ಕೆ ಸುಮಾರು 81 ಮತ ಡೆಮಾಕ್ರಟಿಕ್ ಪಕ್ಷದ ಬೈಡನ್‌ಗೆ ಬಿತ್ತು. ಗಡಿ ದಾಟಿದ ಕೂಡಲೇ, ಟಾಲಪೂಸಾದಲ್ಲಿ, ನೂರಕ್ಕೆ ಸುಮಾರು 71 ರಿಪಬ್ಲಿಕನ್ ಪಕ್ಷದ ಟ್ರಂಪ್‌ಗೆ. "ಆ ಕಡೆಯ ಜನರೇ ಹಾಗೆ" ಎಂದು ಕೈತೊಳೆದುಕೊಂಡರೆ ಏನೂ ತಿಳಿದಂತಾಗಲಿಲ್ಲ. ಕಾರಣವನ್ನು ಲೆಕ್ಕ ಹಾಕಿಯೇ ಹುಡುಕಬಹುದು. ಒಂದು ಲ್ಯಾಪ್‌ಟಾಪ್, ಒಂದು ಸ್ಪ್ರೆಡ್‌ಶೀಟ್, ಎರಡು ದಿನದ ತಾಳ್ಮೆ ಸಾಕು.

ಇಡೀ ರಾಜ್ಯವನ್ನು ಒಟ್ಟಿಗೆ ಹಿಡಿಯಬೇಡಿ. ಗಡಿ ಹಂಚಿಕೊಂಡ ಒಂದೇ ಜೋಡಿ ಆರಿಸಿಕೊಳ್ಳಿ. ಒಂದೇ ರಾಜ್ಯದ ಜೋಡಿಯಾದರೆ ಚುನಾವಣಾ ಕಾನೂನು, ಅಭ್ಯರ್ಥಿಗಳು, ಮತಪತ್ರ ಎಲ್ಲವೂ ಒಂದೇ ಆಗಿರುತ್ತವೆ; ಉಳಿದ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಫಲಿತಾಂಶಕ್ಕೆ ಎಂಐಟಿ ಎಲೆಕ್ಷನ್ ಲ್ಯಾಬ್‌ನ ಕೌಂಟಿವಾರು ಕಡತ ಇಳಿಸಿಕೊಳ್ಳಿ. 2000ದಿಂದ ಮುಂದಿನ ಅಧ್ಯಕ್ಷೀಯ ಚುನಾವಣೆಗಳು ಅದರಲ್ಲಿವೆ. ಜನಸಂಖ್ಯೆಗೆ ಅಮೆರಿಕದ ಜನಗಣತಿ ಕಚೇರಿಯ 2020ರ ಕೋಷ್ಟಕಗಳು. ಎರಡನ್ನೂ ಜೋಡಿಸುವ ಕೊಂಡಿ ಪ್ರತಿ ಕೌಂಟಿಗೂ ಇರುವ ಐದಂಕಿಯ ಸರ್ಕಾರಿ ಗುರುತು, ಫಿಪ್ಸ್ ಸಂಖ್ಯೆ: ಮೇಕನ್ 01087, ಟಾಲಪೂಸಾ 01123. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಎಕ್ಸೆಲ್‌ನಲ್ಲಿ ಕಡತ ತೆರೆದ ಕೂಡಲೇ ಮುಂದಿನ ಸೊನ್ನೆ ಹಾರಿಹೋಗಿ 1087 ಉಳಿಯುತ್ತದೆ, ಕೋಷ್ಟಕಗಳು ಕೂಡುವುದಿಲ್ಲ. ಆ ಕಾಲಮ್ಮನ್ನು ಪಠ್ಯ ಎಂದು ಗುರುತಿಸಿಯೇ ಒಳಗೆ ತನ್ನಿ. ಇನ್ನೊಂದು: 2020ರಲ್ಲಿ ಜಾರ್ಜಿಯಾ, ಉತ್ತರ ಕೆರೊಲಿನಾದಂಥ ಕೆಲವು ರಾಜ್ಯಗಳ ಮತಗಳು, ಅಂಚೆಯಲ್ಲೋ ಮತಗಟ್ಟೆಯಲ್ಲೋ ಎಂದು ಹಾಕಿದ ವಿಧಾನವಾರು, ಬೇರೆ ಬೇರೆ ಸಾಲುಗಳಲ್ಲಿ ಇವೆ. ಎಲ್ಲ ಸಾಲು ಕೂಡಿಸದೆ ಅಂಚೆ ಮತದ ಸಾಲೊಂದನ್ನೇ ತೆಗೆದುಕೊಂಡರೆ ಡೆಮಾಕ್ರಟರ ಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈಗ ಮೊದಲ ಲೆಕ್ಕ. ಮೇಕನ್‌ನಲ್ಲಿ ನೂರಕ್ಕೆ ಸುಮಾರು 80 ಮಂದಿ ಕಪ್ಪು ಜನ, ಟಾಲಪೂಸಾದಲ್ಲಿ ಸುಮಾರು 26. ಬೈಡನ್‌ಗೆ ಬಿದ್ದ ಪಾಲು ಕ್ರಮವಾಗಿ 81 ಮತ್ತು 28. ಎರಡು ಜೊತೆ ಅಂಕಿಗಳು ಇಷ್ಟು ಹತ್ತಿರ ಬಂದಾಗ ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ, ಏಕೆಂದರೆ ಕೌಂಟಿಯ ಸರಾಸರಿ ಯಾವ ಒಬ್ಬ ಮತದಾರನ ಗುಟ್ಟನ್ನೂ ಹೇಳುವುದಿಲ್ಲ. ಖಚಿತವಾಗಿ ಹೇಳಬಹುದಾದದ್ದಕ್ಕೆ ಒಂದು ಮಿತಿ ಇದೆ. ಅದನ್ನು ಹೀಗೆ ಕಂಡುಹಿಡಿಯಿರಿ. ಮತ ಹಾಕಿದವರ ಪ್ರಮಾಣವೂ ಜನಸಂಖ್ಯೆಯಂತೆಯೇ ಇದೆ ಎಂದುಕೊಳ್ಳೋಣ. ಮೇಕನ್‌ನಲ್ಲಿ ಬೈಡನ್‌ಗೆ ಬೀಳದ 19 ಮತಗಳೂ ಕಪ್ಪು ಜನರವೇ ಎಂದು ಇಟ್ಟುಕೊಂಡರೂ, 80ರಲ್ಲಿ 61 ಮಂದಿ, ಅಂದರೆ ಶೇ. 76, ಅವರಿಗೆ ಹಾಕಿರಲೇಬೇಕು. ಟಾಲಪೂಸಾದಲ್ಲಿ ಬೈಡನ್‌ನ 28 ಮತಗಳೂ ಉಳಿದ 74 ಮಂದಿಯವೇ ಎಂದುಕೊಂಡರೂ, ಅವರಲ್ಲಿ 46 ಮಂದಿ, ಶೇ. 62, ಹಾಕಿಲ್ಲ. ಊಹೆ ಎಷ್ಟೇ ಓಲಾಡಿದರೂ ಜನಾಂಗದ ಗೆರೆ ಅಳಿಸಿಹೋಗುವುದಿಲ್ಲ. ಅಲಬಾಮಾದ ಮತದಾರರ ನೋಂದಣಿಯಲ್ಲಿ ಜನಾಂಗವನ್ನೂ ದಾಖಲಿಸುತ್ತಾರೆ. ಜನಗಣತಿಯ ಬದಲು ಆ ಅಂಕಿ ಹಾಕಿದರೆ ಮಿತಿ ಇನ್ನೂ ನಂಬಿಕೆಗೆ ಯೋಗ್ಯ.

ಒಟ್ಟು ಜನಸಂಖ್ಯೆಯನ್ನೇ ಬಳಸುವುದಾದರೆ ಸೆರೆಮನೆಗಳ ಮೇಲೆ ಕಣ್ಣಿಡಿ. ಕೈದಿಗಳನ್ನು ಜನಗಣತಿ ಸೆರೆಮನೆ ಇರುವ ಕೌಂಟಿಯಲ್ಲೇ ಎಣಿಸುತ್ತದೆ. ಮೇಕನ್‌ನ ದಕ್ಷಿಣಕ್ಕಿರುವ ಬುಲಕ್ ಕೌಂಟಿಯಲ್ಲಿ ರಾಜ್ಯದ ಸೆರೆಮನೆ ಇದೆ. ಮತವಿಲ್ಲದ ಇವರನ್ನು ಕಳೆಯದಿದ್ದರೆ ಮತದಾನದ ಪ್ರಮಾಣ ಸುಳ್ಳಾಗಿ ಕಡಿಮೆ ಕಾಣುತ್ತದೆ. ಜನಗಣತಿಯ ಪಿ5 ಕೋಷ್ಟಕದಲ್ಲಿ ಸಂಸ್ಥೆಗಳಲ್ಲಿ ಇರುವವರ ಸಂಖ್ಯೆ ಸಿಗುತ್ತದೆ.

ಆದರೆ ಗಡಿಯ ಈಚೆ 80, ಆಚೆ 26 ಆದದ್ದು ಹೇಗೆ? ಇದಕ್ಕೆ ಉತ್ತರ ಕಾಲಡಿಯ ಮಣ್ಣಿನಲ್ಲಿದೆ. ಡೈನೋಸಾರ್‌ಗಳ ಕಾಲದ ಕಡಲು ಹಿಂದೆ ಸರಿದಾಗ ಬಿಟ್ಟುಹೋದ ಸುಣ್ಣದ ಪದರದ ಮೇಲೆ ಅಲಬಾಮಾದ ನಡುವೆ ಕಪ್ಪು ಮಣ್ಣಿನ ಪಟ್ಟಿ ಹರಡಿದೆ. ನಮ್ಮ ಬಯಲುಸೀಮೆಯವರಿಗೆ ಎರೆಭೂಮಿ ಎಂದರೆ ಸಾಕು, ಆ ಮಣ್ಣಿನ ಗುಣ ಅರ್ಥವಾಗುತ್ತದೆ: ನೆನೆದರೆ ಅಂಟು, ಒಣಗಿದರೆ ಬಿರುಕು, ಹತ್ತಿಗೆ ಹೇಳಿಮಾಡಿಸಿದ್ದು. ಹತ್ತಿಯ ಆಸೆಗೆ ದೊಡ್ಡ ಜಮೀನುದಾರರು ಸಾವಿರಾರು ಗುಲಾಮರನ್ನು ಅಲ್ಲಿಗೆ ತಂದರು. ಮೇಕನ್ ಈ ಸೀಮೆಯದು. ಟಾಲಪೂಸಾದ ಬಹುಪಾಲು ಕೆಂಪು ಜೇಡಿಯ ಗುಡ್ಡಗಾಡು. ಅಲ್ಲಿ ಸಣ್ಣ ಹಿಡುವಳಿಯ ಬಿಳಿಯ ರೈತರು ಹೆಚ್ಚಿದ್ದರು, 1902ರಲ್ಲಿ ಅಲೆಕ್ಸಾಂಡರ್ ಸಿಟಿಯಲ್ಲಿ ಬಟ್ಟೆ ಗಿರಣಿ ಶುರುವಾಯಿತು.

ಈ ಕೊಂಡಿ ಪರೀಕ್ಷಿಸಲು 1860ರ ಜನಗಣತಿಯ ಗುಲಾಮರ ಅಂಕಿ ಬೇಕು. ಐಪಮ್ಸ್ ಸಂಸ್ಥೆಯ ಎನ್‌ಎಚ್‌ಜಿಐಎಸ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. ಎಚ್ಚರ: 1860ರ ಮೇಕನ್ ಇಂದಿನ ಮೇಕನ್ ಅಲ್ಲ. 1866ರಲ್ಲಿ ಅದರ ತುಂಡುಗಳನ್ನು ಕತ್ತರಿಸಿ ಲೀ ಮತ್ತು ಬುಲಕ್ ಕೌಂಟಿಗಳಿಗೆ ಸೇರಿಸಿದರು. ಅದೇ ಸಂಗ್ರಹದಲ್ಲಿ ಆಯಾ ದಶಕದ ಗಡಿ ನಕ್ಷೆಗಳಿವೆ. ಇಂದಿನ ನಕ್ಷೆಯ ಮೇಲೆ ಅವನ್ನು ಹಾಸಿ ನೋಡದೆ ಹೋಲಿಸಬೇಡಿ.

1965ಕ್ಕೆ ಮುಂಚಿನ ಫಲಿತಾಂಶ ನೋಡುವಾಗ ಇನ್ನೂ ಹೆಚ್ಚು ಜಾಗ್ರತೆ ಬೇಕು. ಆಗಲೂ ಮೇಕನ್‌ನಲ್ಲಿ ಕಪ್ಪು ಜನರೇ ಹೆಚ್ಚು, ಆದರೆ 1901ರ ರಾಜ್ಯ ಸಂವಿಧಾನದ ನಂತರ ಅವರಲ್ಲಿ ಬಹುತೇಕರ ಮತ ಕಿತ್ತುಕೊಳ್ಳಲಾಗಿತ್ತು. ಮೇಕನ್‌ನ ಮುಖ್ಯ ಊರು ಟಸ್ಕೀಗಿಯನ್ನೇ ನೋಡಿ. ಚೌಕಾಕಾರದ ಪಟ್ಟಣದ ಗಡಿಯನ್ನು 1957ರಲ್ಲಿ ಶಾಸಕಾಂಗ 28 ಮೂಲೆಗಳ ವಿಕಾರ ಆಕೃತಿಗೆ ತಿರುಚಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಮಾತ್ರ ಒಳಗುಳಿದರು; ಬಿಳಿಯ ಮತದಾರ ಒಬ್ಬನೂ ಹೊರಬೀಳಲಿಲ್ಲ. 1960ರಲ್ಲಿ ಸುಪ್ರೀಂ ಕೋರ್ಟ್ ಇದರ ವಿರುದ್ಧ ತೀರ್ಪು ಕೊಟ್ಟಿತು. 1965ರ ಮತದಾನ ಹಕ್ಕು ಕಾಯಿದೆಯ ನಂತರವೇ ಈ ಕೌಂಟಿಯ ಅಂಕಿಗಳು ಅಲ್ಲಿಯ ಜನರ ಮಾತಾದವು.

ಜನಾಂಗದ ಲೆಕ್ಕ ಎಲ್ಲ ಬೀಗಕ್ಕೂ ಕೀಲಿ ಅಲ್ಲ. ಅಲಬಾಮಾದ ಉತ್ತರದ ವಿನ್‌ಸ್ಟನ್ ಮತ್ತು ವಾಕರ್ ಕೌಂಟಿಗಳು ಅಕ್ಕಪಕ್ಕ. ಎರಡರಲ್ಲೂ ಬಿಳಿಯರೇ ಬಹುಸಂಖ್ಯಾತರು, ಈಗ ಎರಡೂ ಗಟ್ಟಿ ರಿಪಬ್ಲಿಕನ್. ಹಿಂದೆ ಹಾಗಿರಲಿಲ್ಲ. ಗುಲಾಮರು ತೀರ ಕಡಿಮೆ ಇದ್ದ ವಿನ್‌ಸ್ಟನ್ ಅಂತರ್ಯುದ್ಧದಲ್ಲಿ ದಕ್ಷಿಣದಿಂದ ದೂರ ನಿಂತು, ದಕ್ಷಿಣವೆಲ್ಲ ಡೆಮಾಕ್ರಟಿಕ್ ಆಗಿದ್ದಾಗಲೂ, ಗುಲಾಮಗಿರಿಯನ್ನು ವಿರೋಧಿಸಿದ್ದ ರಿಪಬ್ಲಿಕನ್ ಪಕ್ಷದತ್ತ ಒಲವು ಬಿಡಲಿಲ್ಲ. ವಾಕರ್‌ನಲ್ಲಿ ಕಲ್ಲಿದ್ದಲು ಗಣಿ, ಗಣಿ ಕಾರ್ಮಿಕರ ಸಂಘ. ಅದು ಬಹುಕಾಲ ಡೆಮಾಕ್ರಟರ ಜೊತೆಗಿತ್ತು. ಇಂಥ ಜೋಡಿಗೆ 2020ರ ಅಂಕಿ ಏನನ್ನೂ ಹೇಳದು. ಎಪ್ಪತ್ತು ಎಂಬತ್ತು ವರ್ಷ ಹಿಂದಕ್ಕೆ ಹೋಗಿ ಒಂದೊಂದೇ ಚುನಾವಣೆ ಬರೆದುಕೊಳ್ಳಬೇಕು, ಕೆಲಸ ಕೊಡುತ್ತಿದ್ದವರು ಯಾರು ಎಂದು ಪಕ್ಕದಲ್ಲಿ ಗುರುತಿಸಬೇಕು.

ಕೊನೆಗೆ ಮತಗಟ್ಟೆಯ ಮಟ್ಟಕ್ಕೆ ಇಳಿಯಿರಿ. ಬಹುತೇಕ ಒಂದೇ ಜನಾಂಗದವರಿರುವ ಮತಗಟ್ಟೆಗಳನ್ನು ಗಡಿಯ ಎರಡೂ ಕಡೆಯಿಂದ ಎತ್ತಿ ಹೋಲಿಸಿ. ಎರಡು ಕಡೆಯ ಬಿಳಿಯರ ಮತಗಟ್ಟೆಗಳು ಒಂದೇ ರೀತಿ ಹಾಕಿದ್ದರೆ, ಕೌಂಟಿಗಳ ವ್ಯತ್ಯಾಸ ಅಲ್ಲಿ ಯಾರು ಎಷ್ಟು ಮಂದಿ ಇದ್ದಾರೆ ಎಂಬುದರದ್ದು. ಬೇರೆ ಬೇರೆ ಹಾಕಿದ್ದರೆ ಗಿರಣಿ, ಗಣಿ, ಕಾಲೇಜು, ಚರ್ಚುಗಳತ್ತ ತಿರುಗಿ. ಅಲಬಾಮಾದಲ್ಲಿ ಮುಂಚಿತವಾಗಿ ಹಾಕಿದ ಆಬ್ಸೆಂಟಿ ಮತಗಳನ್ನು ಮತಗಟ್ಟೆಗಳಿಗೆ ಹಂಚದೆ ಕೌಂಟಿಗೆ ಒಂದೇ ಲೆಕ್ಕವಾಗಿ ಕೊಡುತ್ತಾರೆ. ಕೊರೋನಾ ವರ್ಷದಲ್ಲಿ ಅವು ಹೆಚ್ಚಿದ್ದವು, ಆದ್ದರಿಂದ 2020ರ ಜೊತೆ 2016ನ್ನೂ ನೋಡಿ.

ಎಲ್ಲ ಮುಗಿದ ಮೇಲೆ ನಿಮ್ಮ ವಿವರಣೆಯನ್ನು ಟೆಕ್ಸಸ್‌ನ ಸ್ಟಾರ್ ಕೌಂಟಿಯ ಮೇಲೆ ಹೂಡಿ ನೋಡಿ. ಮೆಕ್ಸಿಕೊ ಗಡಿಯ ಈ ಕೌಂಟಿಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಮಂದಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು. ಡೆಮಾಕ್ರಟರಿಗೆ 2016ರಲ್ಲಿ ಶೇ. 79 ಸಿಕ್ಕಿತು, 2020ರಲ್ಲಿ ಶೇ. 52; 2024ರಲ್ಲಿ ಟ್ರಂಪ್ ಗೆದ್ದರು. 1892ರ ನಂತರ ಅಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಗೆದ್ದದ್ದು ಅದೇ ಮೊದಲು. ಎಂಟು ವರ್ಷದಲ್ಲಿ ಮಣ್ಣೂ ಬದಲಾಗಲಿಲ್ಲ, ಜನಾಂಗದ ಅಂಕಿಯೂ ಕದಲಲಿಲ್ಲ. ಇಂಥ ಕಡೆ ಮತದಾನಕ್ಕೆ ಹೊಸದಾಗಿ ಬಂದವರೆಷ್ಟು, ಪಕ್ಷ ಬದಲಿಸಿದವರೆಷ್ಟು ಎಂಬುದನ್ನು ಮೊದಲು ಬೇರ್ಪಡಿಸಿ: ಮೂರೂ ಚುನಾವಣೆಗಳ ಒಟ್ಟು ಮತಗಳನ್ನು ಅಕ್ಕಪಕ್ಕ ಬರೆದು, ಶೇಕಡಾವಾರು ಬಿಟ್ಟು, ತಲೆಗಳನ್ನೇ ಎಣಿಸಿ.