ಬೀರುವಿನ ಬಟ್ಟೆ ಮತ್ತೆ ಮೈಮೇಲೆ ಬರಲು

ದಾವಣಗೆರೆ ಬೇಸಿಗೆ ಗೊತ್ತಲ್ಲ. ಮಾರ್ಚ್ ಬಂತೆಂದರೆ ಪಾಲಿಯೆಸ್ಟರ್ ಮೈಗೆ ಅಂಟಿಕೊಳ್ಳುತ್ತದೆ. ಹೋದ ವರ್ಷ ಅಂಥದ್ದೊಂದು ಮಧ್ಯಾಹ್ನ ಕಾಟನ್ ಚೂಡಿದಾರ ಹುಡುಕಲು ಬೀರು ತೆಗೆದೆ. ಹನ್ನೊಂದು ಇದ್ದವು. ಹಾಕಲು ಬಂದದ್ದು ಎರಡೇ. ಉಳಿದವು ಒಂದೋ ಕಂಕುಳಲ್ಲಿ ಬಿಗಿ, ಇಲ್ಲವೇ ಕಾಲೇಜು ದಿನಗಳ ಮಣಿ, ಮಿಂಚು. ಈಗ ನಾನು ಬೆಳಿಗ್ಗೆ ಸ್ಕೂಟಿಯಲ್ಲಿ ಮಗನನ್ನು ಶಾಲೆಗೆ ಬಿಟ್ಟು ಕೆಲಸಕ್ಕೆ ಓಡುವವಳು.

ಚೌಕಿಪೇಟೆಗೆ ಹೋಗಿ ಹೊಸದು ತರಬಹುದಿತ್ತು. ಆದರೆ ಹತ್ತಿ ಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡಿದ್ದ ಊರು ನಮ್ಮದು. ಗಟ್ಟಿ ಕಾಟನ್ ಬಿಸಾಡಲು ನಮ್ಮಜ್ಜಿ ಬಿಡುತ್ತಲೇ ಇರಲಿಲ್ಲ. ಹಾಗಾಗಿ ಸೂಜಿ ಹಿಡಿದೆ.

ಮೊದಲ ಕೆಲಸ, ಹಾಕಿ ನೋಡುವುದು. ಕನ್ನಡಿ ಮುಂದೆ ಸುಮ್ನೆ ನಿಂತರೆ ಸಾಲದು. ಕುರ್ಚಿಯಲ್ಲಿ ಕೂತುಕೊಳ್ಳಿ, ಬಗ್ಗಿ, ಮೇಲಿನ ಶೆಲ್ಫಿಗೆ ಕೈ ಚಾಚಿ. ಗಾಡಿ ಓಡಿಸುವವರು ಹ್ಯಾಂಡಲ್ ಹಿಡಿದಂತೆ ಎರಡೂ ಕೈ ಮುಂದೆ ಮಾಡಿ. ಬೆನ್ನು ಎಳೆಯುತ್ತಾ? ಅಲ್ಲೇ ಪಿನ್ನು ಚುಚ್ಚಿಡಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಹಾಕಿಕೊಂಡು ಹೋಗುವುದು ಎಲ್ಲಿಗೆ? ಒಂದು ಜಾಗವೂ ಹೊಳೆಯದಿದ್ದರೆ ಅದು ಕೌದಿಯ ಗಂಟಿಗೆ ಹೋಗಲಿ.

ಉಳಿದದ್ದನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಕಂಕುಳಲ್ಲಿ, ಕೂರುವ ಭಾಗದಲ್ಲಿ ನೂಲು ಸವೆದು ಬೆಳಕು ತೂರಿ ಬಂದರೆ ಅಲ್ಲಿ ಹೊಸ ಹೊಲಿಗೆ ನಿಲ್ಲುವುದಿಲ್ಲ.

ಈಗ ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿ. ಟೈಲರ್ ಹೊಲಿದ ಬಟ್ಟೆಯ ನಿಜವಾದ ಆಸ್ತಿ ಅಲ್ಲಿರುತ್ತದೆ, ಮಾರ್ಜಿನ್. ಅಂದರೆ ಹೊಲಿಗೆಯ ಆಚೆ ಬಿಟ್ಟಿರುವ ಹೆಚ್ಚುವರಿ ಬಟ್ಟೆ. ಬ್ಲೌಸಿನ ಲೆಕ್ಕ ನೋಡಿ. ಒಂದು ಪಕ್ಕದಲ್ಲಿ ಮುಂದಿನ ತುಂಡು, ಹಿಂದಿನ ತುಂಡು ಎರಡೂ ಸೇರುತ್ತವೆ. ಎರಡು ಪಕ್ಕಕ್ಕೆ ನಾಲ್ಕು ಅಂಚು. ಪ್ರತಿ ಅಂಚಿಗೆ ಬರೀ ಅರ್ಧ ಇಂಚು ಬಿಟ್ಟರೂ ಒಟ್ಟು 2 ಇಂಚು ಸಡಿಲ. ಹೊಸ ಹೊಲಿಗೆಯನ್ನು ಮೊದಲು ಹಾಕಿ, ಹಳೆಯದನ್ನು ಆಮೇಲೆ ಬಿಚ್ಚಿ. ಅಳತೆ ತಪ್ಪುವುದಿಲ್ಲ. ಪಕ್ಕದ ಹೊಲಿಗೆಯೇ ತೋಳಿಗೂ ಹೋಗುತ್ತದೆ, ಹಾಗಾಗಿ ತೋಳನ್ನೂ ಅಷ್ಟೇ ಬಿಡಬೇಕು. ಇಲ್ಲದಿದ್ದರೆ ಎದೆ ಸಡಿಲವಾಗಿ ತೋಳು ಹಿಡಿಯುತ್ತದೆ. ಹೊಲಿಗೆ ಬಿಚ್ಚಲು ಬ್ಲೇಡ್ ಬೇಡ. ಆತುರದಲ್ಲಿ ಬಟ್ಟೆಯೇ ಕೊಯ್ದುಹೋಗುತ್ತದೆ. ಸೂಜಿಯಿಂದ ಎರಡು ಮೂರು ಹೊಲಿಗೆಗೊಮ್ಮೆ ನೂಲು ಎತ್ತಿ, ಸಣ್ಣ ಕತ್ತರಿಯಿಂದ ಕತ್ತರಿಸಿ.

ಬಿಚ್ಚಿದ ಕಡೆ ಹಳೇ ಗೆರೆ ಉಳಿಯುತ್ತದೆ. ಕಾಟನ್ ಆದರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ, ಬಹುಪಾಲು ಹೋಗುತ್ತದೆ. ಒಳಗಿದ್ದ ಮಾರ್ಜಿನ್ ಬಿಸಿಲು ಕಾಣದೆ ಗಾಢ ಬಣ್ಣದಲ್ಲೇ ಇದ್ದರೆ ಮಾತ್ರ ಇಸ್ತ್ರಿಯಿಂದ ಏನೂ ಆಗದು. ಅಲ್ಲೊಂದು ಲೇಸೋ ಪೈಪಿಂಗೋ ಇಟ್ಟು ಮುಚ್ಚಬೇಕು. ರೇಷ್ಮೆಯಲ್ಲಿ ಸೂಜಿಯ ತೂತೂ ಉಳಿದುಬಿಡುತ್ತದೆ.

ಗಂಡಸರ ಹೊಲಿಸಿದ ಪ್ಯಾಂಟಿಗೆ ಹಿಂಬದಿಯ ನಡು ಹೊಲಿಗೆಯಲ್ಲಿ ಮಾರ್ಜಿನ್ ಇರುತ್ತದೆ. ರೆಡಿಮೇಡ್‌ನಲ್ಲಿ ಅಷ್ಟು ಸಿಗುವುದಿಲ್ಲ. ಶರ್ಟಿನ ಭುಜ ದೊಡ್ಡದಾದರೆ ಆ ತಂಟೆಗೇ ಹೋಗಬೇಡಿ. ತೋಳು ಬಿಚ್ಚಿ ಮತ್ತೆ ಕೂರಿಸುವ ಖರ್ಚು ಶರ್ಟಿಗಿಂತ ಜಾಸ್ತಿ ಆದೀತು.

ಉದ್ದ ಕಡಿಮೆ ಮಾಡುವುದಾದರೆ ಕತ್ತರಿಯನ್ನು ಕೊನೆಗೆ ಇಟ್ಟುಕೊಳ್ಳಿ. ಮಡಚಿ, ಕೈಯಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ, ಒಂದು ದಿನ ಹಾಗೇ ಓಡಾಡಿ. ಸರಿ ಅನ್ನಿಸಿದ ಮೇಲೆ ಕತ್ತರಿಸಿ. ಹೊಸ ಕಾಟನ್ ಬಟ್ಟೆ ಸೇರಿಸುವುದಿದ್ದರೆ ಅದನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಅಮ್ಮನ ಮೊಳಕಾಲ್ಮೂರು ಸೀರೆಯಲ್ಲಿ ನಾನು ಪೆಟ್ಟು ತಿಂದದ್ದು ಇಲ್ಲೇ. ಮಡಿಕೆಗಳಲ್ಲಿ ಸೀಳಿದ್ದ ಸೀರೆ, ಸೆರಗು ಮಾತ್ರ ಕಲ್ಲಿನಂತೆ ಗಟ್ಟಿ. ಸೆರಗಿನಿಂದ ಜಾಕೆಟ್ ಹೊಲಿದು, ನೆನೆಸದ ಲೈನಿಂಗ್ ಕೊಟ್ಟೆ. ಒಂದೇ ಒಗೆತಕ್ಕೆ ಲೈನಿಂಗ್ ಕುಗ್ಗಿ, ರೇಷ್ಮೆಯೆಲ್ಲ ಸುಕ್ಕು. ಬಿಚ್ಚಿ ಮತ್ತೆ ಹೊಲಿಯಲು ಎರಡು ಭಾನುವಾರ ಬೇಕಾಯಿತು. ಅಂದಹಾಗೆ, ಗಟ್ಟಿ ಇರುವ ಸೀರೆಯನ್ನು ದಯವಿಟ್ಟು ಕತ್ತರಿಸಬೇಡಿ. ಹಳೇ ಸೀರೆಗೆ ಹೊಸ ಬ್ಲೌಸ್ ಹೊಲಿಸಿದರೂ ಅದರ ಕಳೆಯೇ ಬೇರೆ.

ಟೈಲರ್ ಹತ್ತಿರ ಕೊಡುವವರು ಮದುವೆ ಸೀಸನ್ ಬಿಟ್ಟು ಹೋಗಿ. ದೀಪಾವಳಿ ಹತ್ತಿರ, ದುಗ್ಗಮ್ಮನ ಜಾತ್ರೆ ಹತ್ತಿರ ಆಲ್ಟ್ರೇಷನ್ ಅಂದರೆ ಯಾರೂ ತಲೆ ಎತ್ತಿ ನೋಡಲ್ಲ. ಇನ್ನೊಂದು, ಹತ್ತು ವರ್ಷದಿಂದ ಕೊಡುತ್ತಿರುವ ಅದೇ ಅಳತೆ ಬ್ಲೌಸ್ ಕೊಡಬೇಡಿ. ಮೈ ಬದಲಾಗಿರುತ್ತದೆ, ಅಲ್ವಾ? ಹೊಸದಾಗಿ ಟೇಪು ಹಿಡಿಸಿಕೊಳ್ಳಿ.

ಕತ್ತರಿಸಿ ಉಳಿದ ತುಂಡನ್ನು ವಾಪಸ್ ಕೇಳಿ. ಕುರ್ತಾದ ಪಕ್ಕದ ಹೊಲಿಗೆ ಹೇಗೂ ಬಿಚ್ಚಿರುತ್ತದೆ, ಅಲ್ಲೇ ಒಂದು ಜೇಬು ಇಡಿಸಿಬಿಡಿ. ನನ್ನ ಒಂಬತ್ತರಲ್ಲಿ ಆರು ಉಳಿದವು, ಆರಕ್ಕೂ ಜೇಬಿದೆ. ಅಂಗೈ ಸಲೀಸಾಗಿ ಹೋಗುವಷ್ಟು ಬಾಯಿ, ಮೊಬೈಲ್ ಮುಳುಗುವಷ್ಟು ಆಳ.